ಕೇಳಿ ಕೇಳಬೇಕಾದ ದನಿ

ಹೈದರಾಬಾದಿಗೆ ಬಂದು ಮಣಿಕೊಂಡದ ಮೂರನೇ ಮಹಡಿಯ ಮನೆಯೊಂದರಲ್ಲಿ ನೆಲೆಸಿದ ಹೊಸದರಲ್ಲಿ, ಬೆಳಿಗ್ಗೆ ಎಚ್ಚರಾದ ಕೂಡಲೇ ಯಾವ ಊರಲ್ಲಿದ್ದೇನೆ ಎಂಬುದು ನನಗೆ ಹೊಳೆಯುತ್ತಿರಲಿಲ್ಲ. ಕಿಟಕಿಯಾಚೆ ಒಂದು ದೊಡ್ಡ ಬಂಡೆ ಇತ್ತು. ಸುತ್ತಲೂ ಕಟ್ಟಡಗಳು ಎದ್ದಿದ್ದರೂ ಅದನ್ನು ಮಾತ್ರ ಯಾರೂ ಒಡೆದಿರಲಿಲ್ಲ. ನಮ್ಮ ಗಂಗಾವತಿ ಕಡೆಯೂ ಇಂಥವೇ ಬಂಡೆಗಳು. ಅರೆನಿದ್ದೆಯಲ್ಲಿ ಅದನ್ನು ನೋಡುತ್ತ, ಊರಿನ ಮನೆಯಲ್ಲೇ ಮಲಗಿದ್ದೇನೆ, ಇನ್ನು ಸ್ವಲ್ಪ ಹೊತ್ತಿಗೆ ಯಾರೋ ಬಂದು ಕರೆಯುತ್ತಾರೆ ಅಂದುಕೊಳ್ಳುತ್ತಿದ್ದೆ. ಕೆಳಗಿನಿಂದ ಹಾಲಿನವನ ತೆಲುಗು ಕೇಳಿಸುತ್ತಿತ್ತು. ಆಗ ಹೈದರಾಬಾದು ಒಂದೊಂದಾಗಿ ನನ್ನ ಸುತ್ತ ಬಂದು ಕೂಡಿಕೊಳ್ಳುತ್ತಿತ್ತು, ಮೊದಲು ಸದ್ದು, ಆಮೇಲೆ ಗೋಡೆ, ಆಮೇಲೆ ಆಫೀಸಿನ ಚಿಂತೆ.

ದಿನವಿಡೀ ಬೇರೆ ಬೇರೆ ಭಾಷೆಗಳಲ್ಲಿ ಮಾತಾಡುತ್ತಿದ್ದೆ. ಆಫೀಸಿನವರ ಜತೆ ಇಂಗ್ಲಿಷು, ಆಟೋದವರ ಜತೆ ಹಿಂದಿ, ತರಕಾರಿಯವಳ ಜತೆ ಹರಕುಮುರುಕು ತೆಲುಗು. ಕನ್ನಡ ಫೋನಿನಲ್ಲಷ್ಟೇ ಉಳಿದಿತ್ತು. ಹಾಗಾಗಿ ಆಸ್ಪತ್ರೆಯೊಂದರಲ್ಲಿ ನನಗೆ ಕಾಕಿ ಸಿಕ್ಕಿದ್ದು ದೊಡ್ಡ ಸಂಗತಿಯಾಯಿತು. ಅವರು ನನ್ನ ಸ್ವಂತ ಕಾಕಿಯಲ್ಲ, ಚಿಕ್ಕಪ್ಪನ ಹೆಂಡತಿಯಲ್ಲ. ಹಾಗೆ ಕರೆದದ್ದು ನಾನೇ.

ನನ್ನ ಕೆಲಸ ಏನೆಂದು ಹೇಳದೆ ಮುಂದಿನದು ಅರ್ಥವಾಗದು. ಗಂಟಲಿನ ಕಾಯಿಲೆಯಿಂದ ದನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರು ಆಪರೇಷನ್ನಿಗೆ ಮುಂಚೆ ತಮ್ಮ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವ ಏರ್ಪಾಡೊಂದನ್ನು ನಮ್ಮ ಸಣ್ಣ ಕಂಪನಿ ನಡೆಸುತ್ತಿತ್ತು. ಮುಂದೆ ಅವರು ಮೊಬೈಲಿನಲ್ಲಿ ಒತ್ತಿದರೆ ಅವರದೇ ಹಳೆಯ ದನಿ ಕೇಳಿಸುತ್ತದೆ. ಇದಕ್ಕೆ ಹಗಲಿರುಳು ಓಡುವ ಸರ್ವರ್ ನಮ್ಮ ಬಳಿ ಇರಲಿಲ್ಲ. ಕ್ಲೌಡಿನಲ್ಲಿ, ಬೇರೆಯವರ ಬಾಡಿಗೆ ಕಂಪ್ಯೂಟರುಗಳಲ್ಲಿ, ಒಂದು ಪುಟ್ಟ ಫಂಕ್ಷನ್ ಇತ್ತು, ಅಂದರೆ ಪುಟ ತುಂಬದಷ್ಟು ಕೋಡು. ಕರೆದಾಗ ಅದು ಏಳುತ್ತದೆ, ಕೇಳಿದ ದನಿಯನ್ನು ತೆರೆದು ಕೊಡುತ್ತದೆ, ಕರೆಯುವವರು ಇಲ್ಲವಾದರೆ ಮಲಗುತ್ತದೆ. ಮತ್ತೆ ಎದ್ದಾಗ ಹಿಂದಿನದು ಯಾವುದೂ ಅದಕ್ಕೆ ನೆನಪಿರುವುದಿಲ್ಲ.

ದನಿಗಳನ್ನೆಲ್ಲ ಗೂಢಲಿಪಿಯಲ್ಲಿ ಮುಚ್ಚಿಟ್ಟಿದ್ದರು. ನಾನು ಸೇರುವುದಕ್ಕೆ ಮುಂಚೆ ಎಲ್ಲ ದನಿಗಳಿಗೂ ಒಂದೇ ಕೀಲಿಕೈ ಇತ್ತಂತೆ. ಅದನ್ನೂ ಫಂಕ್ಷನ್ನಿನ ಸೆಟ್ಟಿಂಗಿನಲ್ಲೇ ಬರೆದಿಟ್ಟಿದ್ದರು, ಹೊಸ್ತಿಲ ಮೇಲೆ ಕೀಲಿಕೈ ಇಟ್ಟು ಊರಿಗೆ ಹೋದ ಹಾಗೆ. ಅದನ್ನು ಸರಿಪಡಿಸುವುದೇ ನನಗೆ ಕೊಟ್ಟ ಮೊದಲ ಕೆಲಸ. ಕ್ಲೌಡಿನಲ್ಲಿ ಕೀಲಿಕೈಗಳನ್ನು ಕಾಯುವುದಕ್ಕೆಂದೇ ಬೇರೊಂದು ಸೇವೆ ಇರುತ್ತದೆ. ಒಬ್ಬೊಬ್ಬರ ದನಿಗೂ ಒಂದೊಂದು ಕೀಲಿಕೈ ಮಾಡಿ ಅಲ್ಲಿಟ್ಟೆ. ಅಲ್ಲಿಂದ ಅದು ಹೊರಗೆ ಬರುವುದೇ ಇಲ್ಲ. ಫಂಕ್ಷನ್ ಎದ್ದಾಗ ಆ ಸೇವೆಯ ಬಾಗಿಲಿಗೆ ಹೋಗಿ, ತಾನು ಯಾರು, ಯಾರ ದನಿ ಬೇಕು ಎಂದು ಹೇಳಬೇಕು. ಅನುಮತಿ ಇದ್ದರೆ ಆ ದನಿಯೊಂದನ್ನು ತೆರೆಯುವಷ್ಟು ಸಹಾಯ ಮಾಡಿ ಕಳಿಸುತ್ತಾರೆ. ಈ ಹೋಗಿಬರುವ ಆಟವನ್ನು ಪರದೆಯ ಮೇಲೆ ನೋಡುತ್ತ ಕೂರುವುದು ನನಗೆ ಇಷ್ಟವಾಗುತ್ತಿತ್ತು. ಆಫೀಸಿನ ಗಾಜಿನಾಚೆ ಮೋಡಗಳು ತೇಲುತ್ತಿರುತ್ತಿದ್ದವು. ಎಲ್ಲೋ ಒಂದು ಮನೆಯಲ್ಲಿ ಯಾರೋ ತಮ್ಮ ಕಳೆದುಹೋದ ದನಿಯನ್ನು ಕರೆದಿದ್ದಾರೆ ಎಂಬುದಕ್ಕೆ ಗುರುತಾಗಿ ಲಾಗಿನಲ್ಲಿ, ಅಂದರೆ ಕರೆಗಳ ದಾಖಲೆಯಲ್ಲಿ, ಒಂದು ಸಾಲು ಮೂಡುತ್ತಿತ್ತು. ಮೂಡಿ ಮೇಲಕ್ಕೆ ಸರಿಯುತ್ತಿತ್ತು. ಒಳಗಿನ ಮಾತೇನೆಂದು ನನಗೂ ತಿಳಿಯುತ್ತಿರಲಿಲ್ಲ.

ಕಾಕಿಯ ವಿಷಯಕ್ಕೆ ಬರುತ್ತೇನೆ. ಅವರ ಮನೆಯವರು ಮೂಲತಃ ಲಿಂಗಸುಗೂರು ಕಡೆಯವರು. ಅಜ್ಜನ ಕಾಲಕ್ಕೇ ಬೇಗಂ ಬಜಾರಿಗೆ ಬಂದು ಪಾತ್ರೆಗಳ ಸಗಟು ವ್ಯಾಪಾರ ಹಿಡಿದಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಕಾಕಿ ಮದುವೆಯಾಗಿ ಬಂದಂದಿನಿಂದ ಗಂಡನ ಜತೆ ದುಡ್ಡಿನ ಗಲ್ಲೆಯ ಮೇಲೆ ಕೂತು ಗಿರಾಕಿಗಳನ್ನು ಮಾತಾಡಿಸಿದವರು. ತೆಲುಗು, ದಖನಿ, ಮಾರವಾಡಿ, ಯಾವುದು ಬೇಕೋ ಅದು. ಓದುಬರಹ ಮಾತ್ರ ಕನ್ನಡ. ಆಸ್ಪತ್ರೆಯಲ್ಲಿ ಓದಿಸಲು ಇಟ್ಟಿದ್ದ ವಾಕ್ಯಗಳೆಲ್ಲ ಬೇರೆ ಭಾಷೆಯಲ್ಲಿದ್ದುದರಿಂದ, ಕನ್ನಡ ಬಲ್ಲವಳೆಂದು ನನ್ನನ್ನು ಕಳಿಸಿದರು.

ನಾನು ಬರೆದುಕೊಂಡು ಹೋದ ವಾಕ್ಯಗಳನ್ನು ಅವರು ಕನ್ನಡಕ ಏರಿಸಿ ನೋಡಿದರು. ನನಗೆ ನೀರು ಬೇಕು, ನನಗೆ ನೋವಾಗುತ್ತಿದೆ, ದೀಪ ಆರಿಸಿ, ಇಂಥವು.

"ಇವನ್ನ ಕೈ ಮಾಡಿ ತೋರಿಸಿದ್ರೂ ತಿಳೀತೈತಿ, ತಂಗಿ," ಅಂದರು. ಆಗಲೇ ದನಿ ಒಡೆದಿತ್ತು, ಆದರೆ ಅದರ ಅಡಿಯಲ್ಲಿ ಒಂದು ಗಟ್ಟಿ ನಾದ ಇತ್ತು. "ಕೈ ಮಾಡಿ ತೋರಸಾಕ ಬರಲಾರದ್ದು ಹೇಳತೀನಿ, ತುಂಬಿಕೋ."

ಅಲ್ಲಿಂದ ಮುಂದೆ ಕೆಲವು ಬೆಳಗುಗಳು ಆ ಪುಟ್ಟ ಕೋಣೆಯಲ್ಲಿ ಕಳೆದವು. ಗೋಡೆಗೆಲ್ಲ ಸದ್ದು ಹೀರುವ ದಪ್ಪ ಬಟ್ಟೆ ಹೊದಿಸಿದ್ದರು. ಎತ್ತರದ ಕಿಟಕಿಯಿಂದ ಬೇವಿನ ಎಲೆಗಳ ನೆರಳು ಒಳಗೆ ಬಂದು ಕಾಕಿಯ ಸೀರೆಯ ಮೇಲೆ ಅಲುಗುತ್ತಿತ್ತು. ಅವರು ನಡುನಡುವೆ ನೀರು ಕುಡಿದು ಮಾತಾಡುತ್ತಿದ್ದರು. ನಾನು ಹೆಡ್‌ಫೋನು ಹಾಕಿಕೊಂಡು ಕೂರುತ್ತಿದ್ದೆ. ಹುಡುಗಿಯಾಗಿದ್ದಾಗ ಬಾವಿಗೆ ಬಿದ್ದ ಕೊಡ, ಅತ್ತೆಯ ಕೈಯ ರೊಟ್ಟಿ, ಅಂಗಡಿಯಲ್ಲಿ ಮಳೆ ಬಂದಾಗ ತಗಡಿನ ಮೇಲೆ ಬೀಳುವ ಸದ್ದಿಗೆ ಗಿರಾಕಿಗಳ ಮಾತು ಕೇಳಿಸದೆ ಆದ ಗೊಂದಲಗಳು. ಕೇಳುತ್ತ ಕೇಳುತ್ತ ಎಷ್ಟೋ ಸಲ ನಾನು ಎಲ್ಲಿದ್ದೇನೆಂದು ಮರೆತುಬಿಡುತ್ತಿದ್ದೆ. ಕಿವಿಗೆ ಅಂಟಿಕೊಂಡೇ ಒಬ್ಬರು ನಮ್ಮ ಕಡೆಯ ಮಾತಾಡಿ ಬಹಳ ಕಾಲವಾಗಿತ್ತು.

ಅವುಗಳಲ್ಲಿ ಒಂದು ನಾಂಪಲ್ಲಿ ಎಕ್ಸಿಬಿಷನ್ನಿನ ಕತೆ. ಮದುವೆಯಾದ ಮೊದಲ ಜನವರಿಯಲ್ಲಿ ಗಂಡ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರಂತೆ. ಬಳೆ ಅಂಗಡಿಯ ಮುಂದೆ ತಿರುಗಿ ನೋಡಿದರೆ ಗಂಡ ಇಲ್ಲ. ಆಗ ಊರ ಭಾಷೆ ಬಿಟ್ಟು ಬೇರೆ ಭಾಷೆ ಬಾರದು. ಕಳೆದುಹೋದವರ ಹೆಸರು ಕೂಗುವ ಮೈಕಿನ ಕೋಣೆಯನ್ನು ಹೇಗೋ ಹುಡುಕಿ ಹೋದರು. ಗಂಡನ ಹೆಸರು ಹೇಳಲು ನಾಚಿಕೆ. ಕೊನೆಗೆ ಮೈಕನ್ನು ತಾವೇ ಕೈಗೆ ತೆಗೆದುಕೊಂಡು ಕೂಗಿದರಂತೆ.

"ಏನ್ರಿ, ನಾ ಇಲ್ಲಿ ಅದೀನಿ. ಬರ್ರಿ ಇಲ್ಲಿ."

ಇಡೀ ಮೈದಾನಕ್ಕೆ ಕೇಳಿಸಿತ್ತು. ಅಷ್ಟೊಂದು ಗಂಡಸರ ನಡುವೆ ಒಬ್ಬರೇ ಒಬ್ಬರು ತಿರುಗಿ ಓಡಿ ಬಂದರು. ಈ ಕತೆ ಹೇಳುವಾಗ ಕಾಕಿ ಆ ಮಾತನ್ನು ಅಂದಿನ ಹಾಗೆಯೇ ಕೂಗಿ ತೋರಿಸಿದರು. ನನ್ನ ಪರದೆಯ ಮೇಲೆ ದನಿಯ ಗೆರೆ ಅಂಚು ಮುಟ್ಟಿ ಇಳಿಯಿತು. ಆಮೇಲೆ ಬಹಳ ಹೊತ್ತು ಕೆಮ್ಮಿದರು.

ಕೊನೆಯ ದಿನ, ದನಿಗೆ ಬೀಗ ಹಾಕಿಡುವ ಬಗೆಯನ್ನು ನಾನು ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಕೀಲಿಕೈ ಯಾರ ಹತ್ತಿರ ಇರುತ್ತದೆ ಎಂದು. ನಿಮ್ಮ ಮಾತಿಲ್ಲದೆ ಅದನ್ನು ಅಳಿಸುವುದಕ್ಕಾಗಲಿ, ಬೇರೆಯವರಿಗೆ ಕೊಡುವುದಕ್ಕಾಗಲಿ ಬರುವುದಿಲ್ಲ ಎಂದು ಹೇಳಿದೆ. ಯಾರ ಮೊಬೈಲಿನಲ್ಲಿ ತೆರೆಯಬಹುದು ಎಂದು ನಾನು ಕೇಳಿದಾಗ ತಮ್ಮದು ಮತ್ತು ಯಜಮಾನರದು ಅಂದರು.

ಆಪರೇಷನ್ ಸುಸೂತ್ರವಾಗಿ ಆಯಿತು. ಗಾಯ ಮಾಗಿದ ಮೇಲೆ ಅವರಿಗೆ ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಗದ್ದದ ಕೆಳಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಮಾತು ಹೊರಡುತ್ತದೆ, ಆದರೆ ಏರಿಳಿತವಿಲ್ಲದೆ, ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ. ಕಾಕಿ ಅದನ್ನು ಬೇಗನೆ ಕಲಿತರು ಎಂದು ಆಸ್ಪತ್ರೆಯವರು ಹೇಳಿದರು. ಲಾಗಿನಲ್ಲಿ ಅವರ ದನಿಯ ಸಾಲು ದಿನದಿನಕ್ಕೂ ಹೆಚ್ಚಾಗುತ್ತಿತ್ತು. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಶುರುವಾದರೆ ಸಂಜೆಯವರೆಗೂ. ನಾವು ಮಾಡಿದ್ದು ಒಬ್ಬರ ಮನೆಯಲ್ಲಿ ಇಷ್ಟು ಬಳಕೆಯಾಗುತ್ತಿದೆಯಲ್ಲ ಎಂದು ನನಗೆ ಸಂತೋಷವಾಗಿತ್ತು.

ಒಂದು ದಿನ ಕಾಕಿ ಒಬ್ಬರೇ ಮೆಟ್ರೋ ಹತ್ತಿ, ಆಮೇಲೆ ಆಟೋ ಹಿಡಿದು ನಮ್ಮ ಆಫೀಸಿಗೆ ಬಂದರು. ಕೆಳಗಿನ ಕ್ಯಾಂಟೀನಿನಲ್ಲಿ ಕೂರಿಸಿದೆ. ಕೊರಳಿಗೆ ಹತ್ತಿಯ ವಸ್ತ್ರ ಸುತ್ತಿಕೊಂಡಿದ್ದರು. ಯಂತ್ರ ಒತ್ತಿ ಹಿಡಿದು ಮೊದಲು ಹೇಳಿದ್ದೇ ಇದು.

"ಅಕಿನ್ನ ಮುಚ್ಚಿಬಿಡು, ತಂಗಿ."

ಅಕಿ ಯಾರು ಎಂದು ನನಗೆ ತಿಳಿಯಲಿಲ್ಲ. ಕಾಕಿ ಮೊಬೈಲನ್ನು ಬೆರಳಿನಿಂದ ತಟ್ಟಿ ತೋರಿಸಿದರು. ನಿಧಾನವಾಗಿ, ನಡುನಡುವೆ ಯಂತ್ರ ಕೆಳಗಿಟ್ಟು ದಣಿವಾರಿಸಿಕೊಳ್ಳುತ್ತ ಹೇಳಿದರು. ಯಜಮಾನರು ಇಡೀ ದಿನ ಆ ದನಿಯನ್ನು ಹಾಕಿಕೊಂಡು ಕೂರುತ್ತಾರೆ. ಮುಂದೆ ನಿಂತು ತಾನು ಏನಾದರೂ ಕೇಳಿದರೆ ಕೈಸನ್ನೆ ಮಾಡಿ ಮುಗಿಸುತ್ತಾರೆ, ಇಲ್ಲವಾದರೆ ಬರೆದು ಕೊಡು ಅನ್ನುತ್ತಾರೆ. ಮುಖ ಎತ್ತುವುದಿಲ್ಲ.

"ಅಕಿ ನಾ ಇಲ್ಲಿ ಅದೀನಿ ಅಂತಾಳ, ಇವರು ಕೇಳತಾರ," ಅಂದರು ಕಾಕಿ. "ನಾ ಇಲ್ಲೇ ಅದೀನಲ್ಲ. ನನ್ನ ಮಾತು ಕೇಳವಲ್ಲರು."

ಆ ಯಂತ್ರದ ಸದ್ದಿನಲ್ಲಿ ಸಿಟ್ಟಿಗೂ ಅಳುವಿಗೂ ಜಾಗ ಇರಲಿಲ್ಲ. ಎಲ್ಲ ಒಂದೇ ಸಮನೆ ಬಂತು. ಕಣ್ಣು ನೋಡಿದ್ದರಿಂದ ನನಗೆ ತಿಳಿಯಿತು.

ನಾನು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೀಲಿಕೈ ಅಳಿಸಿಬಿಟ್ಟರೆ ದನಿ ಇದ್ದಲ್ಲೇ ಇರುತ್ತದೆ, ಆದರೆ ಅರ್ಥವಿಲ್ಲದ ಕಲಸುಮೇಲೋಗರವಾಗಿ ಉಳಿಯುತ್ತದೆ. ಆಮೇಲೆ ನೀವು ಬಂದು ಬೇಡಿಕೊಂಡರೂ ನಾನಾಗಲಿ, ನನ್ನ ಮೇಲಿನವರಾಗಲಿ, ಕ್ಲೌಡಿನವರಾಗಲಿ ತೆರೆಯಲಾರರು. ಅದಕ್ಕಾಗಿಯೇ ಆ ಸೇವೆಯವರು ಹೇಳಿದ ತಕ್ಷಣ ಅಳಿಸುವುದಿಲ್ಲ. ಕೆಲವು ವಾರ ಮಲಗಿಸಿ ಇಡುತ್ತಾರೆ. ಆ ಅವಧಿಯಲ್ಲಿ ಅದು ಯಾರಿಗೂ ತೆರೆಯುವುದಿಲ್ಲ, ಆದರೆ ನಿಮ್ಮ ಮನಸ್ಸು ಬದಲಾದರೆ ಮತ್ತೆ ಎಬ್ಬಿಸಬಹುದು. ಅವಧಿ ಮುಗಿದರೆ ಮುಗಿಯಿತು.

ಕಾಕಿ ತಲೆಯಾಡಿಸಿದರು. ಚಹಾ ಪೂರ್ತಿ ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು ಎದ್ದರು.

ನಮ್ಮ ತಂಡದ ಮುಖ್ಯಸ್ಥರು ವರಂಗಲ್ ಕಡೆಯ ತೆಲುಗಿನವರು, ಮೆತ್ತಗಿನ ಮನುಷ್ಯ. ಅವರು ಆಸ್ಪತ್ರೆಯವರ ಜತೆ ಮಾತಾಡಿದರು, ಕಾಕಿಯ ಮೊಬೈಲಿನಿಂದ ಒಪ್ಪಿಗೆ ಪಡೆದರು, ಮುಂದಿನ ಶನಿವಾರ ಬೆಳಿಗ್ಗೆ ಕೀಲಿಕೈಯನ್ನು ಮಲಗಿಸಿದರು. ನಾನು ಮನೆಯಲ್ಲಿದ್ದೆ. ಅವರು ಫೋನು ಮಾಡಿ ಆಯಿತು ಅಂದಾಗ ಬಟ್ಟೆ ಒಣಹಾಕುತ್ತಿದ್ದೆ. ಬಂಡೆಯ ಮೇಲೆ ಬಿಸಿಲು ಬಿದ್ದಿತ್ತು. ಆ ಕೋಣೆ, ಬೇವಿನ ನೆರಳು, ಹೆಡ್‌ಫೋನಿನೊಳಗಿನ ಮಾತು ಎಲ್ಲ ಬಂದು, ಏನೋ ನನ್ನದೇ ಕೈಯಿಂದ ಜಾರಿತು ಅನ್ನಿಸಿತು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದೆ.

ಮಧ್ಯಾಹ್ನ ಕಾಕಿಯ ಮೆಸೇಜು ಬಂತು. ಅಕಿ ಇನ್ನೂ ಮಾತಾಡಾಕತ್ತಾಳ ಎಂದು ಬರೆದಿದ್ದರು.

ಲ್ಯಾಪ್‌ಟಾಪು ತೆರೆದು ಲಾಗ್ ನೋಡಿದೆ. ಫಂಕ್ಷನ್ ಬೆಳಿಗ್ಗೆ, ಕೀಲಿಕೈಯನ್ನು ಮಲಗಿಸುವುದಕ್ಕೆ ಮುಂಚೆ, ಒಂದು ಸಲ ಅದರ ಬಾಗಿಲಿಗೆ ಹೋಗಿ ಬಂದಿತ್ತು. ಆಮೇಲೆ ಹೋಗಿಯೇ ಇಲ್ಲ. ಆದರೂ ದನಿ ಮೇಲಿಂದ ಮೇಲೆ ತೆರೆಯುತ್ತಲೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಅರ್ಥವಾಯಿತು. ಮೊದಮೊದಲು ದನಿ ಬರುವುದು ತಡವಾಗುತ್ತದೆ ಎಂದು ಕೆಲವರು ಬೇಸರಪಟ್ಟಿದ್ದರಿಂದ, ಆ ಬಾಗಿಲಿನಿಂದ ಪಡೆದದ್ದನ್ನು ಎಚ್ಚರವಿರುವಷ್ಟು ಹೊತ್ತು ನೆನಪಿನಲ್ಲಿಟ್ಟುಕೊಳ್ಳುವಂತೆ ಫಂಕ್ಷನ್ನನ್ನು ಬರೆದಿದ್ದರು. ಕರೆ ನಿಂತರೆ ಅದು ಮಲಗುತ್ತದೆ, ಮರೆಯುತ್ತದೆ. ಇಲ್ಲಿ ಕರೆ ನಿಂತೇ ಇರಲಿಲ್ಲ. ಬೇಗಂ ಬಜಾರಿನಲ್ಲಿ ಒಬ್ಬರು ಬಿಡದೆ ಒತ್ತುತ್ತ ಅದಕ್ಕೆ ರೆಪ್ಪೆ ಮುಚ್ಚಲು ಬಿಟ್ಟಿರಲಿಲ್ಲ.

ಫೋನಿನಲ್ಲಿ ಹೇಳಿದರೆ ಕಾಕಿ ಸುಳ್ಳು ಅಂದುಕೊಳ್ಳುತ್ತಾರೆ ಎಂದು ನಾನೇ ಹೊರಟೆ. ನಾಂಪಲ್ಲಿಯಲ್ಲಿ ಮೆಟ್ರೋ ಇಳಿದು ಆಟೋ ಹತ್ತಿದೆ. ಬೇಗಂ ಬಜಾರಿನ ಗಲ್ಲಿಯಲ್ಲಿ ಕೈಗಾಡಿಗಳು, ಒಣಮೆಣಸಿನಕಾಯಿಯ ಘಾಟು, ಮೇಲೆ ಹರಿದ ಪರದೆಗಳ ಸಂದಿಯಿಂದ ಇಳಿಯುವ ಧೂಳಿನ ಬಿಸಿಲು. ಅಂಗಡಿ ಹುಡುಕುವುದಕ್ಕೆ ಮುಂಚೆಯೇ ದನಿ ಕೇಳಿಸಿತು. ಸಾಲುಸಾಲು ಸ್ಟೀಲಿನ ಡಬ್ಬಿ, ಹಿತ್ತಾಳೆಯ ಹಂಡೆ, ನೇತುಹಾಕಿದ ತಟ್ಟೆಗಳ ನಡುವೆ ಕಾಕಿಯ ಹಳೆಯ ದನಿ ಒಂದರಿಂದ ಒಂದಕ್ಕೆ ಬಡಿದು ತೇಲುತ್ತಿತ್ತು. ಒಂದೊಂದು ಪಾತ್ರೆಯಲ್ಲೂ ಸ್ವಲ್ಪ ಸ್ವಲ್ಪ ತುಂಬಿಕೊಂಡ ಹಾಗೆ. ನಡುವೆ ಬಿಳಿ ಜುಬ್ಬಾ ತೊಟ್ಟು, ಕಣ್ಣು ಮುಚ್ಚಿ ಕಾಕಾ ಕೂತಿದ್ದರು. ಕಾಕಿಯ ಯಜಮಾನರನ್ನು ನಾನು ನೋಡಿದ್ದು ಅದೇ ಮೊದಲು.

ಕಾಕಿ ಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ನೋಡಿ ಯಂತ್ರ ಎತ್ತಿದರು. ಮುಚ್ಚುತ್ತೇನೆ ಅಂದಿದ್ದೆಯಲ್ಲ ಎಂದು ಕೇಳಿದರು. ಗಂಡನಿಗೆ ಈ ವಿಷಯ ಹೇಳಿರಲಿಲ್ಲ, ದನಿ ತಾನಾಗಿ ನಿಂತಾಗ ತಿಳಿಯಲಿ ಎಂದು ಬಿಟ್ಟಿದ್ದರು. ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದೆ.

"ಅದು ಎಚ್ಚರ ಇರೋತನಕ ತಗೊಂಡದ್ದನ್ನ ನೆನಪಿಟ್ಟಕೊಂಡಿರ್ತೈತ್ರಿ, ಕಾಕಿ. ಕಾಕಾ ಅದಕ್ಕ ನಿದ್ದಿ ಮಾಡಗೊಡವಲ್ಲರು."

ಕಾಕಿ ನಕ್ಕರು. ಸದ್ದಿಲ್ಲದ ನಗು, ಭುಜ ಮಾತ್ರ ಕುಲುಕಿತು.

ಮುಖ್ಯಸ್ಥರಿಗೆ ಫೋನು ಮಾಡಿದೆ. ಫಂಕ್ಷನ್ನನ್ನು ಕ್ಲೌಡಿಗೆ ಹೊಸದಾಗಿ ಏರಿಸಿದರೆ ಹಳೆಯ ನೆನಪು ಹೋಗುತ್ತದೆ, ಈಗಲೇ ಮಾಡುತ್ತೇನೆ ಅಂದರು. ಅಷ್ಟರಲ್ಲಿ ಕಾಕಿ ನನ್ನ ಕೈ ಹಿಡಿದು ತಡೆದರು. ಮೆಟ್ಟಿಲಿಳಿದು ಹೋಗಿ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಗಂಡನ ಎದುರಿಗೆ ಕೂತರು. ತಮ್ಮದೇ ದನಿಯನ್ನು ಅವರು ಅಲ್ಲಿಯವರೆಗೆ ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ಎಕ್ಸಿಬಿಷನ್ನಿನ ಕತೆ ಮೊದಲಿಂದ ಶುರುವಾಯಿತು. ಕಾಕಿಯ ತುಟಿ ಅದರ ಜತೆಜತೆಗೆ ಆಡುತ್ತಿತ್ತು. ಕಾಕಾ ಕಣ್ಣು ತೆರೆದರು. ಎದುರಿಗೆ ತುಟಿ, ಪಕ್ಕದಲ್ಲಿ ದನಿ. ಎರಡೂ ಕೂಡಿದ ಹಾಗಾಗಿ, ಒಂದು ಗಳಿಗೆ ಆಪರೇಷನ್ನೇ ಆಗಿಲ್ಲವೇನೋ ಎಂದು ನನಗೂ ಅನ್ನಿಸಿತು. ಹೊರಗೆ ಹಮಾಲರು ಕೂಗುತ್ತ ಹೋದದ್ದು ಎಲ್ಲೋ ದೂರದಲ್ಲಿ ಕೇಳಿಸಿತು.

ಕತೆ ಮುಗಿಯಿತು. ಕಾಕಿ ನನ್ನ ಕಡೆ ತಿರುಗಿ ಹ್ಞೂಂ ಎಂಬಂತೆ ತಲೆಯಾಡಿಸಿದರು. ನಾನು ಫೋನಿನಲ್ಲಿ ಮಾಡಿಬಿಡಿ ಅಂದೆ.

ಕಾಕಾ ಮತ್ತೆ ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗಿತು, ನಿಂತಿತು. ತೆರೆಯಲು ಅನುಮತಿ ಇಲ್ಲ ಎಂಬ ಸಾಲು ಬಂತು. ಇನ್ನೊಮ್ಮೆ ಒತ್ತಿದರು. ಮೊಬೈಲನ್ನು ಪಂಚೆಗೆ ಒರೆಸಿ ಮತ್ತೊಮ್ಮೆ ಒತ್ತಿದರು. ಆಗ ಕಾಕಿ ಯಂತ್ರವನ್ನು ಗದ್ದಕ್ಕೆ ಒತ್ತಿ, ನಾನೇ ಮುಚ್ಚಿಸಿದೆ ಎಂದು ಹೇಳಿದರು. ಕಾಕಾ ಪಕ್ಕದ ತಟ್ಟೆಗಳ ಸಾಲನ್ನು ಎತ್ತಿ ಒಂದೊಂದಾಗಿ ಒರೆಸತೊಡಗಿದರು, ಅವು ಆಗಲೇ ಫಳಫಳ ಹೊಳೆಯುತ್ತಿದ್ದರೂ. ನಾನು ಹೇಳದೆ ಎದ್ದು ಬಂದೆ.

ಆಮೇಲಿನ ದಿನಗಳು ನನಗೆ ಮಂಜು ಕವಿದ ಹಾಗೆ ನೆನಪಿವೆ. ಕೀಲಿಕೈ ಮಲಗಿತ್ತು. ಪರದೆಯಲ್ಲಿ ಅದರ ಮುಂದೆ ಅಳಿಸಲು ಕಾಯುತ್ತಿದೆ ಎಂಬ ಮಾತು ಇರುತ್ತಿತ್ತು. ಕೆಲಸದ ನಡುವೆ ಸುಮ್ಮನೆ ಅದನ್ನು ಹೋಗಿ ನೋಡಿ ಬರುತ್ತಿದ್ದೆ. ಒಂದು ಮಧ್ಯಾಹ್ನ ಮನೆಯಲ್ಲಿ ಹಾಗೇ ಕಣ್ಣು ಹತ್ತಿದಾಗ ಕನಸು ಬಿತ್ತು. ದೊಡ್ಡ ಮೈದಾನ, ಬಣ್ಣದ ದೀಪ, ಜನರೆಲ್ಲ ತುಟಿ ಆಡಿಸುತ್ತಿದ್ದಾರೆ, ಯಾರ ಮಾತೂ ಕೇಳಿಸುವುದಿಲ್ಲ. ಎದ್ದ ಮೇಲೆ ಊರಿಗೆ ಫೋನು ಹಚ್ಚಿ ಅವ್ವನ ಜತೆ ಬಹಳ ಹೊತ್ತು ಮಾತಾಡಿದೆ. ಏನಾಗೈತಿ ನಿನಗ ಎಂದು ಅವಳು ಕೇಳಿದಾಗ ಏನಿಲ್ಲ ಅಂದೆ.

ಒಂದು ರವಿವಾರ ಬೆಳಿಗ್ಗೆ ಕಾಕಾ ಮಣಿಕೊಂಡಕ್ಕೆ ಬಂದರು. ವಿಳಾಸ ಕಾಕಿಯ ಮೊಬೈಲಿನಿಂದ ನೋಡಿಕೊಂಡು ಬಂದಿದ್ದರು. ಮೆಟ್ಟಿಲು ಹತ್ತಿ ದಣಿದಿದ್ದರು. ಕಿಟಕಿಯ ಪಕ್ಕ ಕುರ್ಚಿ ಹಾಕಿದೆ. ನೀರು ಕುಡಿದು, ಊರು ಯಾವುದು, ಯಾರ ಪೈಕಿ ಎಂದೆಲ್ಲ ವಿಚಾರಿಸಿ, ಬಹಳ ಹೊತ್ತಿನ ಮೇಲೆ ವಿಷಯಕ್ಕೆ ಬಂದರು. ಅದನ್ನು ಎಬ್ಬಿಸಲು ಸಾಧ್ಯವೇ ಎಂದು ಕೇಳಿದರು. ಸಾಧ್ಯ ಐತ್ರಿ, ಆದರೆ ಕಾಕಿಯೇ ಹೇಳಬೇಕು ಎಂದೆ. ನೀನು ನಮ್ಮ ಮಗಳಿದ್ದ ಹಾಗೆ, ಇಷ್ಟು ಮಾಡಲಾರೆಯಾ ಅಂದರು. ಆದರೂ ಆಗುವುದಿಲ್ಲ ಅಂದೆ.

ಅವರು ಬಂಡೆಯ ಕಡೆ ನೋಡುತ್ತ ಕೂತರು. ಆಮೇಲೆ ಅದಕ್ಕೇ ಹೇಳುವವರಂತೆ ಹೇಳಿದರು.

"ಆ ಮಶೀನ್ ಸದ್ದು ಬಂತಂದ್ರ ನನಗ ದವಾಖಾನಿ ಬೆಂಚು ನೆನಪಾಗ್ತೈತಿ. ಒಳಗ ಅಕಿ ಇದ್ದಳು, ಹೊರಗ ನಾ ಒಬ್ಬನ. ಹೋಗೇಬಿಟ್ಟಳು ಅಂತ ಅನಕೊಂಡಿದ್ದೆ. ಹಳೀ ದನಿ ಕೇಳಿದ್ರ ಅದೆಲ್ಲ ಆಗೇ ಇಲ್ಲ ಅನಸ್ತೈತಿ."

"ಇದನ್ನ ಕಾಕಿಗೆ ಹೇಳೀರೇನ್ರಿ?"

"ಹೆಂಗ ಹೇಳಲಿ? ಅಂಜಿಕಿ ಆಗೈತಿ ಅಂತ ಅಕಿಗೆ ಹೇಳಲೇನು?"

ಹೇಳಿರಿ ಅಂದೆ. ಬರೆದು ಕೊಡಬೇಡಿ, ಬಾಯಿಬಿಟ್ಟು ಹೇಳಿ, ಅವರು ಯಂತ್ರ ಹಿಡಿದು ಏನಂದರೂ ಕೂತು ಕೇಳಿ. ಇಷ್ಟು ದೊಡ್ಡವರಿಗೆ ನಾನು ಹೀಗೆ ಹೇಳಿದೆನಲ್ಲ ಎಂದು ಆಮೇಲೆ ಅಳುಕಿದೆ. ಕಾಕಾ ಚಹಾ ಅರ್ಧಕ್ಕೇ ಬಿಟ್ಟು, ಬರತೀನವ್ವ ಎಂದು ಎದ್ದರು.

ಅವಧಿ ಮುಗಿಯುತ್ತ ಬಂತು. ಇನ್ನು ಬರಲಾರರು ಎಂದು ನಾನು ಆಸೆ ಬಿಟ್ಟಿದ್ದೆ. ಆಗ ಇಬ್ಬರೂ ಕೂಡಿ ಆಫೀಸಿಗೆ ಬಂದರು. ಮನೆಯಲ್ಲಿ ಏನು ನಡೆಯಿತೆಂದು ಪೂರ್ತಿ ಹೇಳಲಿಲ್ಲ. ಕಾಕಾ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದರಂತೆ, ಅಂದು ಅಂಗಡಿ ತಡವಾಗಿ ತೆರೆಯಿತಂತೆ, ಅಷ್ಟೇ. ಕಾಕಿ ಅವರನ್ನು ಕೈ ಮಾಡಿ ಸುಮ್ಮನಿರಿಸಿ ಯಂತ್ರ ಎತ್ತಿದರು.

"ಎಬ್ಬಸು ಅಕಿನ್ನ. ಆದ್ರ ಇವರು ಒತ್ತಿದ ಕೂಡಲೆ ಬರಬಾರದು. ಮೊದಲ ನನ್ನ ಕೇಳಬೇಕು. ನಾ ಹ್ಞೂಂ ಅಂದ್ರಷ್ಟ ತೆರೀಬೇಕು."

ಅಂದೇ ಕೀಲಿಕೈಯನ್ನು ಎಬ್ಬಿಸಿದೆವು. ಹೊಸ ಏರ್ಪಾಡು ಮುಗಿಯುವ ತನಕ ಫಂಕ್ಷನ್ನಿಗೂ ಅದನ್ನು ಮುಟ್ಟಲು ಬಿಡಲಿಲ್ಲ. ನಾನು ಕೂತು ಬರೆದೆ. ಕಾಕಾ ಒತ್ತಿದಾಗ ಫಂಕ್ಷನ್ ಎದ್ದು ಮೊದಲು ಕಾಕಿಯ ಮೊಬೈಲಿಗೆ ಪ್ರಶ್ನೆ ಕಳಿಸುತ್ತದೆ. ಅವರು ಒಪ್ಪಿದರೆ ಮಾತ್ರ ಆ ಒಪ್ಪಿಗೆ ಹಿಡಿದುಕೊಂಡು ಕೀಲಿಕೈಯ ಬಾಗಿಲಿಗೆ ಹೋಗುತ್ತದೆ. ಅದಿಲ್ಲದೆ ಹೋದರೆ ಅಲ್ಲಿಂದ ಬರಿಗೈಯಲ್ಲಿ ತಿರುಗಿ ಬರಬೇಕು. ಒಂದು ಸಲ ತೆರೆದದ್ದನ್ನು ಇನ್ನೊಂದು ಸಲಕ್ಕೆ ನೆನಪಿಟ್ಟುಕೊಳ್ಳುವಂತಿಲ್ಲ. ಇದರಿಂದ ತಡವಾಗುತ್ತದಲ್ಲ ಎಂದು ಮುಖ್ಯಸ್ಥರು ಕೇಳಿದರು. ತಡವಾಗಲಿ ಎಂದೇ ಅವರು ಬಯಸಿದ್ದಾರೆ ಅಂದೆ. ನಮ್ಮ ಕನ್ನಡದಲ್ಲಿ ಅನುಮತಿ ಬೇಡುವುದಕ್ಕೂ ದನಿಗೆ ಕಿವಿಗೊಡುವುದಕ್ಕೂ ಕೇಳುವುದು ಎಂಬ ಒಂದೇ ಮಾತಿದೆ ಎಂದೂ ಹೇಳಿದೆ. ಅವರು, ಹಾಗಿದ್ದರೆ ಇದನ್ನು ಬೇಕೆನ್ನುವ ಎಲ್ಲರಿಗೂ ಕೊಡೋಣ ಅಂದರು.

ಶುರುವಿನಲ್ಲಿ ಕಾಕಿ ಬಹಳ ಸಲ ಬೇಡ ಎಂದೇ ಒತ್ತುತ್ತಿದ್ದರು. ಲಾಗಿನಲ್ಲಿ ನಿರಾಕರಣೆಯ ಸಾಲುಗಳನ್ನು ನೋಡಿ ನನಗೆ ಕಾಕಾ ಪಾಪ ಅನ್ನಿಸುತ್ತಿತ್ತು. ಒಮ್ಮೆ ಕಂಡಾಗ ಕಾಕಾ ಹೇಳಿದರು, ಮೊಬೈಲಿನಲ್ಲಿ ಬೇಡ ಎಂದು ಬಂದ ಮೇಲೆ ಕಾಕಿ ಯಾಕೆ ಬೇಡ ಎಂಬುದನ್ನು ಹೇಳಲು ಮೆಟ್ಟಿಲಿಳಿದು ಬರುತ್ತಾರಂತೆ. ಬಂದವರು ಅಲ್ಲೇ ಕೂರುತ್ತಾರೆ. ಬಿಲ್ಲು, ಗಿರಾಕಿ, ಬೆಳಗಿನ ಪಲ್ಯಕ್ಕೆ ಉಪ್ಪು ಹೆಚ್ಚಾದದ್ದು, ಏನೋ ಒಂದು ಮಾತು ಬೆಳೆಯುತ್ತದೆ. ಯಂತ್ರದ ಸದ್ದಿಗೆ ಈಗ ದವಾಖಾನೆಯ ನೆನಪು ಬರುವುದಿಲ್ಲವೇ ಎಂದು ಕೇಳಿದೆ. ಬರುತ್ತದೆ, ಆದರೆ ಈಗೀಗ ಅದೇ ಸದ್ದಿನಲ್ಲಿ ಬೈಗುಳವೂ ಕೇಳಿ ಕೇಳಿ ಅದು ಹಿಂದೆ ಸರಿಯುತ್ತಿದೆ ಅಂದರು.

ಲಾಗಿನಲ್ಲಿ ಕಾಕಿಯ ಸಾಲುಗಳು ನಿಧಾನವಾಗಿ ವಿರಳವಾದವು. ಕೆಲವು ದಿನ ಒಂದೂ ಇರುವುದಿಲ್ಲ. ಇದ್ದಾಗ ಒಪ್ಪಿಗೆಯೊಂದಿಗೇ ಇರುತ್ತದೆ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಕುಕ್ಕರ್ ಕೊಳ್ಳುವ ನೆಪದಲ್ಲಿ ಅಂಗಡಿಗೆ ಹೋಗಿದ್ದೆ. ಕಾಕಿ ಗಲ್ಲೆಯ ಮೇಲಿದ್ದರು. ಒಂದು ಕೈಯಲ್ಲಿ ಯಂತ್ರ ಹಿಡಿದು ತೆಲುಗಿನಲ್ಲಿ ಯಾರಿಗೋ ಇಡ್ಲಿಪಾತ್ರೆ ತೋರಿಸುತ್ತಿದ್ದರು. ಬಂದ ಹೆಂಗಸು ಮೊದಲೊಮ್ಮೆ ಬೆಚ್ಚಿ, ಆಮೇಲೆ ಪಾತ್ರೆಯ ದಪ್ಪ ಸಾಲದೆಂದು ವಾದಕ್ಕೆ ನಿಂತಳು. ಆ ಸದ್ದು ತಟ್ಟೆ ಹಂಡೆಗಳಿಗೆ ತಾಗಿ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಕಣ್ಣು ಮುಚ್ಚಿದರೆ ಬೇಸಿಗೆಯ ಮಧ್ಯಾಹ್ನದ ಜೇನುಗೂಡಿನ ಹತ್ತಿರ ನಿಂತ ಹಾಗಿತ್ತು.

ಗಿರಾಕಿ ಹೋದ ಮೇಲೆ ಕಾಕಿ ನನ್ನನ್ನು ಹತ್ತಿರ ಕರೆದರು. ಆ ರೆಕಾರ್ಡ್ ಮಾಡುವ ಕೋಣೆ ಇನ್ನೂ ಇದೆಯೇ ಎಂದು ಕೇಳಿದರು. ಇದೆ ಅಂದೆ.

"ಈ ದನೀನೂ ತುಂಬಿಕೋ," ಅಂದರು. "ಇದೂ ನಂದ ಐತಿ."

ಆಸ್ಪತ್ರೆಯವರು ಅಂಥದ್ದನ್ನು ಹಿಂದೆ ಮಾಡಿರಲಿಲ್ಲ, ಆದರೆ ಬೇಡ ಅನ್ನಲಿಲ್ಲ. ಒಂದು ಬೆಳಿಗ್ಗೆ ಕಾಕಾ ಅವರನ್ನು ಕರೆದುಕೊಂಡು ಬಂದು ಹೊರಗಿನ ಬೆಂಚಿನ ಮೇಲೆ ಕೂತರು. ಬಾಗಿಲು ಮುಚ್ಚುವುದು ಬೇಡ, ಸದ್ದು ಒಳಗೆ ಬಂದರೆ ಬರಲಿ ಎಂದು ಕಾಕಿ ಹೇಳಿದರು. ನಾನು ಹೆಡ್‌ಫೋನು ಹಾಕಿಕೊಂಡೆ. ಅವರು ಕುರ್ಚಿಯಲ್ಲಿ ಸರಿಯಾಗಿ ಕೂತು, ಕೊರಳ ವಸ್ತ್ರ ಬದಿಗೆ ಸರಿಸಿ, ಯಂತ್ರ ಒತ್ತಿ ಹಿಡಿದು, ಅಂದು ಮುಂಜಾನೆ ಮಾಡಿದ ಪುಂಡಿಪಲ್ಯದ ಬಗ್ಗೆ ಹೇಳತೊಡಗಿದರು.